ಮುಟ್ಟಬಾರದ ಕಂಪ್ಯೂಟರ್

ಆರನೇ ಕೋಣೆಯಲ್ಲಿ ನಾಲ್ಕು ಜನರಿದ್ದರು. ಅವರಲ್ಲಿ ಒಬ್ಬನಿಗೆ ತಂತಿ ಎಂದು ಹೆಸರು ಬಿದ್ದಿತ್ತು. ಜೈಲಿಗೆ ಬರುವ ಮೊದಲು ವಾಹನ ನೋಂದಣಿ ಕಚೇರಿಯೊಂದರಲ್ಲಿ ಕಂಪ್ಯೂಟರುಗಳ ನೆಟ್‌ವರ್ಕ್ ನೋಡಿಕೊಳ್ಳುವುದು ಅವನ ಕೆಲಸವಾಗಿತ್ತು. ಮನೆಯಿಂದಲೇ ಕಚೇರಿಯ ಯಂತ್ರಗಳಿಗೆ ಹೊಕ್ಕು ರಿಪೇರಿ ಮಾಡಲು ಒಂದು ದಾರಿ ಇಟ್ಟುಕೊಂಡಿದ್ದ. ಅಕ್ಕನ ಗಂಡ ಒಮ್ಮೆ, "ಎರಡು ದಿನಕ್ಕೆ ಆ ಪಾಸ್‌ವರ್ಡ್ ಕೊಡೋ, ಒಂದು ಸಣ್ಣ ಕೆಲಸ ಇದೆ" ಎಂದ. ಭಾವನ ಮಾತು, ಇಲ್ಲ ಎನ್ನಲಾಗಲಿಲ್ಲ. ಆ ಎರಡು ದಿನಗಳಲ್ಲಿ ನಲವತ್ತು ಕದ್ದ ಗಾಡಿಗಳಿಗೆ ಅಸಲಿ ಕಾಗದಗಳು ಹುಟ್ಟಿಕೊಂಡವು. ಭಾವ ಊರು ಬಿಟ್ಟ. ಇವನಿಗೆ ಆರು ವರ್ಷವಾಯಿತು. ತೀರ್ಪಿನ ಕೊನೆಯಲ್ಲಿ ನ್ಯಾಯಾಧೀಶರು ಒಂದು ಸಾಲು ಸೇರಿಸಿದ್ದರು: ಶಿಕ್ಷೆ ಮುಗಿಯುವವರೆಗೆ ಈತ ನೆಟ್‌ವರ್ಕಿಗೆ ಸೇರಿದ ಯಾವ ಕಂಪ್ಯೂಟರನ್ನೂ ಮುಟ್ಟತಕ್ಕದ್ದಲ್ಲ. ಮುಟ್ಟಿದರೆ ನಡತೆಯ ಮೇಲೆ ಸಿಗುವ ಎಂಟು ತಿಂಗಳ ರಿಯಾಯಿತಿ ರದ್ದು.

ನಾಲ್ಕು ವರ್ಷ ಅವನು ಹೊಲಿಗೆ ಶೆಡ್ಡಿನಲ್ಲಿ ಸಮವಸ್ತ್ರಗಳಿಗೆ ಗುಂಡಿ ಹಾಕಿದ. ಕೀಲಿಮಣೆಯ ನೆನಪಾದರೆ ಬೆರಳುಗಳನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ.

ಅದೇ ಕೋಣೆಯಲ್ಲಿ ಒಬ್ಬ ಮುದುಕ ದರ್ಜಿ ಇದ್ದ. ಎಲ್ಲರೂ ಅವನನ್ನು ಟೈಲರಜ್ಜ ಎನ್ನುತ್ತಿದ್ದರು. ನೀರಿನ ನಲ್ಲಿಯ ಹತ್ತಿರ ಜಗಳವಾಗಿ ಪಕ್ಕದ ಮನೆಯವನನ್ನು ತಳ್ಳಿದ್ದ, ಅವನ ತೋಳು ಮುರಿದಿತ್ತು. ವಿಚಾರಣೆ ಇನ್ನೂ ಶುರುವಾಗಿರಲಿಲ್ಲ. ಒಂದು ಬುಧವಾರ ಭೇಟಿಗೆ ಬಂದ ಅಜ್ಜನ ಮಗಳು ಜಾಲರಿಗೆ ಮುಖ ಒತ್ತಿ, "ಅಪ್ಪಾ, ಸೋಮವಾರವೇ ಜಾಮೀನು ಆಗಿದೆಯಂತೆ. ಇವತ್ತೋ ನಾಳೆಯೋ ಬಿಡ್ತಾರೆ" ಎಂದಳು. ಅಜ್ಜ ಕೋಣೆಗೆ ಬಂದವನೇ ತನ್ನ ಎರಡು ಅಂಗಿ, ಒಂದು ಟವೆಲು, ಕನ್ನಡಕದ ಡಬ್ಬಿ ಎಲ್ಲವನ್ನೂ ಮಡಚಿ ಗಂಟು ಕಟ್ಟಿ ಬಾಗಿಲ ಪಕ್ಕದಲ್ಲಿಟ್ಟ.

ಗುರುವಾರ ಬಿಡಲಿಲ್ಲ. ಶುಕ್ರವಾರವೂ ಇಲ್ಲ.

ಆಗಿದ್ದಿಷ್ಟು. ಮೂರು ವರ್ಷದ ಹಿಂದೆ ಯಾರೋ ಸುಳ್ಳು ಆದೇಶ ತೋರಿಸಿ ಒಬ್ಬನನ್ನು ಬಿಡಿಸಿಕೊಂಡು ಹೋಗಿದ್ದರು. ಅಂದಿನಿಂದ ಕೈಯಲ್ಲಿ ತಂದ ಕಾಗದ ನಡೆಯುತ್ತಿರಲಿಲ್ಲ. ಕೋರ್ಟಿನ ಆದೇಶ ದಾಖಲೆ ಕೋಣೆಯ ಕಂಪ್ಯೂಟರಿಗೆ ನೇರವಾಗಿ ಬರಬೇಕು, ಅಲ್ಲೇ ಅಚ್ಚಾಗಬೇಕು. ಆ ವಾರ ಟ್ರಾನ್ಸ್‌ಫಾರ್ಮರ್ ಢಂ ಎಂದು ಸಿಡಿದು, ಕಂಪ್ಯೂಟರಿನೊಳಗಿನ ನೆಟ್‌ವರ್ಕ್ ಕಾರ್ಡು ಸುಟ್ಟುಹೋಗಿತ್ತು. ಕೇಂದ್ರ ಕಚೇರಿಯಿಂದ ಬಂದ ಮೆಕ್ಯಾನಿಕ್ ಹೊಸ ಕಾರ್ಡು ಸಿಕ್ಕಿಸಿ, "ನನ್ನ ಕೆಲಸ ಇಷ್ಟೇ. ಸೆಟ್ಟಿಂಗ್ ಮಾಡೋರು ಬೇರೆ ಬರ್ತಾರೆ" ಎಂದು ಗಾಡಿ ಹತ್ತಿದ್ದ. ಆ ಬೇರೆಯವರು ಬರಲೇ ಇಲ್ಲ. ಜೈಲರ್ ದಿನಕ್ಕೆ ಹತ್ತು ಸಲ ಫೋನ್ ಮಾಡಿ ಬೈಸಿಕೊಳ್ಳುತ್ತಿದ್ದರು. ಜಾಮೀನು ಸಿಕ್ಕಿಯೂ ಒಳಗೇ ಕೊಳೆಯುತ್ತಿದ್ದವರ ಲೆಕ್ಕ ಹದಿನಾಲ್ಕಕ್ಕೆ ಏರಿತ್ತು ಎಂದು ಜೈಲಿಗೆ ಜೈಲೇ ಮಾತಾಡಿಕೊಳ್ಳುತ್ತಿತ್ತು.

"ಲೇ ತಂತಿ, ನಿನಗೆ ಬರುತ್ತಲ್ಲ, ಮಾಡಿಕೊಡಬಾರದಾ?" ಎಂದು ಶೆಡ್ಡಿನಲ್ಲಿ ಎಲ್ಲರೂ ಮೇಲೆ ಬಿದ್ದರು.

"ಮುಟ್ಟಿದರೆ ಎಂಟು ತಿಂಗಳು ಹೋಗುತ್ತೆ. ನಿಮ್ಮಪ್ಪ ಬಂದು ಕೂರ್ತಾನಾ ನನ್ನ ಬದಲು?" ಎಂದು ತಂತಿ ಸಿಡುಕಿದ.

ಏನೂ ಕೇಳದೆ ಇದ್ದವನು ಟೈಲರಜ್ಜ ಒಬ್ಬನೇ. ತಂತಿಯೇ ಮಾತೆತ್ತಿದಾಗಲೂ, "ನೀನು ನಿನ್ನದನ್ನ ನೋಡ್ಕೋ ಮಗಾ. ನಿನಗೂ ಹೆಂಡತಿ, ಮಗು ಇದೆ" ಎಂದ. ಅಜ್ಜ ಪ್ರತಿ ಬೆಳಿಗ್ಗೆ ಗಂಟು ಬಿಚ್ಚಿ ಅಂಗಿ ಹಾಕಿಕೊಳ್ಳುವನು, ಕಳಚಿದ್ದನ್ನು ಮಡಚಿ ಮತ್ತೆ ಗಂಟು ಕಟ್ಟುವನು. ಒಂಬತ್ತನೆಯ ದಿನ ಅವನು ಗಂಟು ಬಿಚ್ಚಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ತಿಂಡಿಗೆ ಕರೆದರೆ, "ಹಸಿವಿಲ್ಲ" ಎಂದ.

ತಂತಿ ತನ್ನ ತಟ್ಟೆಯನ್ನು ಕೆಳಗಿಟ್ಟು ಬಾಗಿಲಿಗೆ ಹೋದ. ಮೊಗಸಾಲೆಯಲ್ಲಿದ್ದ ವಾರ್ಡರನ್ನು ಕರೆದು ಹೇಳಿದ:

"ಸಾಹೇಬರಿಗೆ ತಿಳಿಸಿ. ನಾನು ಮುಟ್ಟೋದಿಲ್ಲ. ಬಾಯಲ್ಲಿ ಹೇಳ್ತೀನಿ. ಬೇರೆ ಯಾರಾದರೂ ಒತ್ತಲಿ."

ಜೈಲರ್ ಎತ್ತರದ ಮನುಷ್ಯ. ಯೋಚನೆಗೆ ಬಿದ್ದರೆ ಬೆಲ್ಟನ್ನು ಮೇಲೆತ್ತಿಕೊಳ್ಳುವುದು ಅವರ ಅಭ್ಯಾಸ. ಎರಡು ಸಲ ಎತ್ತಿಕೊಂಡು, "ಮುಟ್ಟಬೇಡ ಅಂದಿದ್ದಾರೆ ಕೋರ್ಟಿನವರು. ಮಾತಾಡಬೇಡ ಅಂದಿಲ್ಲವಲ್ಲ" ಎಂದರು. ಆದರೂ ನಾಳೆ ಯಾರೂ ಬೆರಳು ತೋರಿಸಬಾರದೆಂದು, ತಂತಿಯನ್ನು ದಾಖಲೆ ಕೋಣೆಯ ಒಳಗೆ ಬಿಡಲಿಲ್ಲ. ಕಬ್ಬಿಣದ ಸರಳುಗಳ ಬಾಗಿಲ ಹೊರಗೆ ಸ್ಟೂಲು ಹಾಕಿಸಿ ಕೂರಿಸಿದರು. ಕಂಪ್ಯೂಟರ್ ಎಂಟು ಹೆಜ್ಜೆ ಒಳಗಿತ್ತು. ತಂತಿಗೆ ಕಾಣುತ್ತಿದ್ದದ್ದು ಪರದೆಯ ಬೆನ್ನು ಮತ್ತು ಅದರ ಹಿಂದೆ ಗುಮಾಸ್ತೆಯ ಮುಖ.

ಗುಮಾಸ್ತೆ ಮೂವತ್ತೊಂದು ವರ್ಷ ಸರ್ವೀಸಾದ ಹೆಂಗಸು. ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ರಿಜಿಸ್ಟರಿನಲ್ಲಿ ಅವಳ ಅಕ್ಷರ ಮುತ್ತು ಪೋಣಿಸಿದ ಹಾಗೆ. ಕಂಪ್ಯೂಟರ್ ಎಂದರೆ ಮಾತ್ರ ಕೈ ತಣ್ಣಗಾಗುತ್ತಿತ್ತು.

"ನನಗೆ ಪತ್ರ ಬಂದರೆ ತೆಗೆಯೋಕೆ ಬರುತ್ತೆ, ಅಚ್ಚು ಹಾಕೋಕೆ ಬರುತ್ತೆ. ಇದೆಲ್ಲ ಬರಲ್ಲಪ್ಪ. ಏನಾದರೂ ಸುಟ್ಟುಹೋದರೆ ನನ್ನ ತಲೆಗೆ ಬರುತ್ತೆ" ಎಂದಳು.

"ಏನೂ ಸುಡಲ್ಲ ಮೇಡಂ. ಇದು ಚಿತ್ರ ನೋಡಿ ಒತ್ತೋ ಕೆಲಸ ಆಗಿದ್ದರೆ ಕಷ್ಟ ಇತ್ತು. ಇದು ಅಕ್ಷರದ ಕೆಲಸ. ನಾನು ಹೇಳಿದ್ದನ್ನ ಬರೀತೀರಿ, ಅದು ಹೇಳಿದ್ದನ್ನ ನನಗೆ ಓದ್ತೀರಿ. ಅಷ್ಟೇ."

ಕಪ್ಪು ಪರದೆ ತೆರೆಸಿದ. "ಎಸ್, ಯು. ಎಂಟರ್ ಒತ್ತಿ."

"ಪಾಸ್‌ವರ್ಡ್ ಕೇಳ್ತಿದೆ."

ಅದು ಬೀರುವಿನ ಬಾಗಿಲ ಒಳಗೆ ಚೀಟಿಯಲ್ಲಿತ್ತು. ಗುಮಾಸ್ತೆ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಆಮೇಲೆ ಕೈ ಎತ್ತಿಬಿಟ್ಟಳು. "ಏನೂ ಬೀಳ್ತಾನೇ ಇಲ್ಲ! ಕೀಲಿಮಣೆ ಕೆಟ್ಟಿದೆ."

"ಕೆಟ್ಟಿಲ್ಲ. ಪಾಸ್‌ವರ್ಡನ್ನ ಅದು ತೋರಿಸಲ್ಲ. ಕತ್ತಲಲ್ಲಿ ಬರೆದ ಹಾಗೆ ಬರೀಬೇಕು."

"ಕಾಣದೆ ಬರೆಯೋದು ಹೇಗಪ್ಪ?"

"ನಾನು ಕಾಣದೇ ಹೇಳ್ತಿಲ್ವಾ ಮೇಡಂ?"

ವಾರ್ಡರ್ ಕಿಸಕ್ಕನೆ ನಕ್ಕ. ಜೈಲರ್ ಅವನತ್ತ ತಿರುಗಿದರು, ನಗು ನಿಂತಿತು. ಎರಡನೆಯ ಸಲಕ್ಕೆ ಪಾಸ್‌ವರ್ಡ್ ಒಪ್ಪಿತು.

"ಸಾಲಿನ ಕೊನೆಯಲ್ಲಿ ಏನಿದೆ?"

"ಮೊದಲು ಡಾಲರ್ ಗುರುತಿತ್ತು. ಈಗ ಅಡ್ಡ ಎರಡು ಗೆರೆ, ಉದ್ದ ಎರಡು ಗೆರೆ."

"ಅಂದರೆ ಈಗ ನೀವು ಯಜಮಾನರು. ಏನು ಹೇಳಿದರೂ ಅದು ಕೇಳುತ್ತೆ."

ಈ ಮಾತು ಗುಮಾಸ್ತೆಗೆ ಹೊಸದು. ಕುರ್ಚಿಯನ್ನು ತುಸು ಮುಂದಕ್ಕೆ ಎಳೆದುಕೊಂಡಳು.

"ಐ, ಪಿ. ಜಾಗ ಬಿಡಿ. ಎಲ್, ಐ, ಎನ್, ಕೆ. ಎಂಟರ್. ಏನು ಬಂತೋ ಓದಿ."

"ಒಂದು, ಎಲ್ ಓ. ಎರಡು, ಇ ಟಿ ಎಚ್ ಒಂದು. ಆಮೇಲೆ ಏನೇನೋ ಇದೆ. ಡೌನ್ ಅಂತ ಇದೆ."

"ಮೊದಲನೆಯದನ್ನ ಬಿಡಿ. ಅದು ಯಂತ್ರ ತನ್ನ ಜೊತೆ ತಾನೇ ಮಾತಾಡಿಕೊಳ್ಳೋ ದಾರಿ. ಹೊರಗೆ ಹೋಗಲ್ಲ."

"ನಮ್ಮ ಮೂರನೇ ಕೋಣೆ ಮೇಷ್ಟ್ರ ತರ" ಎಂದ ವಾರ್ಡರ್.

"ಎರಡನೆಯದು ಇ ಟಿ ಎಚ್ ಸೊನ್ನೆನಾ, ಒಂದಾ? ಸರಿಯಾಗಿ ನೋಡಿ."

"ಒಂದು."

ತಂತಿ ಕಣ್ಣು ಮುಚ್ಚಿದ. ನಾಲ್ಕು ವರ್ಷದಿಂದ ಮುದುಡಿಕೊಂಡಿದ್ದ ಏನೋ ತಲೆಯೊಳಗೆ ಮೈಮುರಿದು ಎದ್ದಿತು. ಸುಟ್ಟುಹೋದ ಕಾರ್ಡಿನ ಹೆಸರು ಸೊನ್ನೆ. ಯಂತ್ರ ಅದನ್ನು ಮರೆತಿಲ್ಲ. ಹಾಗಾಗಿ ಹೊಸ ಕಾರ್ಡಿಗೆ ಒಂದು ಎಂದು ಹೆಸರಿಟ್ಟಿದೆ. ವಿಳಾಸ, ದಾರಿ ಎಲ್ಲವೂ ಇನ್ನೂ ಸೊನ್ನೆಯ ಹೆಸರಿನಲ್ಲೇ ಇವೆ.

"ಏನಾಗಿದೆಯಪ್ಪ?" ಎಂದರು ಜೈಲರ್.

"ಮನೆ ಪತ್ರ ಸತ್ತವರ ಹೆಸರಲ್ಲೇ ಇದೆ ಸಾರ್. ಇರೋರಿಗೆ ಯಾರೂ ಮಾಡಿಕೊಟ್ಟಿಲ್ಲ."

ಹಳೆಯ ವಿಳಾಸ ಎಲ್ಲಿ ಬರೆದಿರುತ್ತದೆಂದು ಅವನಿಗೆ ಗೊತ್ತಿತ್ತು. ಆ ಫೈಲನ್ನು ತೆರೆಸಿ ಗುಮಾಸ್ತೆಯಿಂದ ಓದಿಸಿದ. ಹತ್ತು ಚುಕ್ಕಿ ಇಪ್ಪತ್ತು ಚುಕ್ಕಿ ನಾಲ್ಕು ಚುಕ್ಕಿ ಹದಿನೇಳು. ಪತ್ರಗಳು ಹಾದುಬರುವ ಹೊರಬಾಗಿಲಿನ ವಿಳಾಸವೂ ಅದೇ ಸಾಲಿನದು, ಕೊನೆಯಲ್ಲಿ ಮಾತ್ರ ಹದಿನೇಳರ ಬದಲು ಒಂದು. ಬರೆದುಕೊಳ್ಳಲು ಕಾಗದವಿರಲಿಲ್ಲ. ಬಾಯಲ್ಲೇ ಮೂರು ಸಲ ಹೇಳಿಕೊಂಡ.

"ಈಗ ಕಾರ್ಡನ್ನ ಎಬ್ಬಿಸೋಣ. ಐ ಪಿ, ಜಾಗ, ಲಿಂಕ್, ಜಾಗ, ಎಸ್ ಇ ಟಿ, ಜಾಗ, ಇ ಟಿ ಎಚ್ ಒಂದು, ಜಾಗ, ಯು ಪಿ."

ಕೀಲಿ ಬಡಿಯುವ ಸದ್ದು. ಆಮೇಲೆ ಗುಮಾಸ್ತೆಯ ಮುಖ ಗಂಟಿಕ್ಕಿತು. "ಅಂಥದ್ದು ಯಾವುದೂ ಇಲ್ಲ ಅನ್ನುತ್ತೆ."

"ಇನ್ನೊಂದು ಸಲ."

ಮತ್ತೆ ಅದೇ. ಮೂರನೆಯ ಸಲವೂ ಅದೇ. ಜೈಲರ್ ಗಡಿಯಾರ ನೋಡಿದರು. ಎದ್ದು ಹೋಗಿ ನೋಡಿದರೆ ಒಂದು ಕ್ಷಣದ ಕೆಲಸ. ಎಂಟು ಹೆಜ್ಜೆ. ಅವನು ಸ್ಟೂಲಿನ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡ.

"ಮೇಡಂ, ಒಂದು ಅನ್ನೋದಕ್ಕೆ ಯಾವ ಕೀಲಿ ಒತ್ತಿದಿರಿ?"

"ಎಲ್. ಚಿಕ್ಕ ಎಲ್."

"ಯಾಕೆ?"

"ಯಾಕೆ ಅಂದರೆ? ನಮ್ಮ ಟೈಪ್‌ರೈಟರಲ್ಲಿ ಒಂದು ಅಂತ ಬೇರೆ ಕೀಲಿ ಎಲ್ಲಿತ್ತು? ಹತ್ತು ವರ್ಷ ಎಲ್ ಕೀಲಿಯಲ್ಲೇ ತಾರೀಖು ಹೊಡೆದಿದ್ದೀನಿ!"

ತಂತಿಗೆ ನಗು ತಡೆಯಲಾಗಲಿಲ್ಲ. ಕಡೆಗೆ ಗುಮಾಸ್ತೆಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮೇಲಿನ ಸಾಲಿನ ಒಂದನ್ನು ಒತ್ತಿದ ಕೂಡಲೇ ಯಂತ್ರ ತೆಪ್ಪಗೆ ಒಪ್ಪಿಕೊಂಡಿತು. ಆಮೇಲೆ ವಿಳಾಸ ಕೊಟ್ಟರು. ಆಮೇಲೆ ಹೊರಗಿನ ದಾರಿ. ಕೊನೆಗೆ ಹೊರಬಾಗಿಲನ್ನು ತಟ್ಟಿ ನೋಡುವ ಆಜ್ಞೆ: ಪಿ, ಐ, ಎನ್, ಜಿ.

"ಅಯ್ಯೋ, ಸಾಲು ಸಾಲು ಬರ್ತಿದೆ! ನಿಲ್ತಾನೇ ಇಲ್ಲ!"

"ಬರಲಿ ಮೇಡಂ. ಆ ಕಡೆಯಿಂದ ಓಗೊಡ್ತಿದೆ."

ಅರವತ್ತೆರಡು ಪತ್ರಗಳು ಒಟ್ಟಿಗೆ ಬಂದು ಬಿದ್ದವು. ಪ್ರಿಂಟರು ಒಂದು ಗಂಟೆ ನಿಲ್ಲದೆ ಓಡಿತು. ಸಂಜೆ ನಾಲ್ಕಕ್ಕೆ ಹದಿನಾಲ್ಕು ಜನ ಸಾಲಾಗಿ ಗೇಟಿನ ಕಡೆ ನಡೆದರು. ಟೈಲರಜ್ಜ ತಂತಿಯ ಅಂಗಿಯ ಕಾಲರನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಈ ಹೊಲಿಗೆ ಹೋಗಿದೆ, ಹಾಕಿಸ್ಕೋ" ಎಂದಷ್ಟೇ ಹೇಳಿದ.

ಕೋಣೆಗೆ ಮರಳುವ ಮುನ್ನ ತಂತಿ ಜೈಲರಿಗೆ ಹೇಳಿದ: "ಸಾರ್, ಇದು ಇಷ್ಟಕ್ಕೇ ಮುಗಿದಿಲ್ಲ. ಈಗ ಹೇಳಿಸಿದ್ದು ಯಂತ್ರದ ನೆನಪಲ್ಲಿ ಮಾತ್ರ ಇದೆ. ಕರೆಂಟ್ ಹೋದರೆ ಎಲ್ಲ ಹೋಗುತ್ತೆ. ಆ ಫೈಲಲ್ಲಿ ಸೊನ್ನೆ ಇರೋ ಕಡೆ ಒಂದು ಅಂತ ತಿದ್ದಬೇಕು. ಹತ್ತು ನಿಮಿಷ ಸಾಕು."

"ನಾಳೆ ನೋಡೋಣ ಬಿಡು" ಎಂದರು ಜೈಲರ್.

ಆ ನಾಳೆ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಕರೆಂಟ್ ಹೋಯಿತು. ಬಂದ ಮೇಲೆ ಕಂಪ್ಯೂಟರ್ ಮೊದಲಿನ ಹಾಗೇ ಮೂಗ. ತಂತಿಯನ್ನು ಕರೆಸಿದರು, ಅದೇ ಸ್ಟೂಲು, ಅದೇ ಎಂಟು ಹೆಜ್ಜೆ. ಈ ಸಲ ಇಪ್ಪತ್ತು ನಿಮಿಷದಲ್ಲಿ ಎದ್ದು ಕೂತಿತು. ಫೈಲು ತಿದ್ದುವ ಮಾತನ್ನು ಅವನು ಮತ್ತೆ ಎತ್ತಿದ. ಜೈಲರ್ ಬೆಲ್ಟನ್ನು ಎತ್ತಿಕೊಂಡರು. "ಇರಲಿ. ಅದಕ್ಕೆ ಕೈ ಹಾಕಿ ಇನ್ನೇನಾದರೂ ಆದರೆ? ನೀನಿದ್ದೀಯಲ್ಲ, ಕರೆದರೆ ಆಯಿತು."

ಕರೆದಾಗ ಸಿಗಬೇಕು ಎಂದು ಅವನನ್ನು ಆರನೇ ಕೋಣೆಯಿಂದ ತೆಗೆದು ಕಚೇರಿಗೆ ಹೊಂದಿಕೊಂಡ ಒಂಟಿ ಕೋಣೆಗೆ ಹಾಕಿದರು. ಹಿಂದೆ ಹಳೆಯ ಕಡತಗಳನ್ನು ಒಟ್ಟಿದ್ದ ಕೋಣೆ ಅದು. ದಪ್ಪ ಹಾಸಿಗೆ ಕೊಟ್ಟರು, ಎರಡು ಹೊತ್ತು ಹಾಲು ಹಾಕಿದ ಚಹಾ ಕೊಟ್ಟರು. ಹೊಲಿಗೆ ಶೆಡ್ಡು ತಪ್ಪಿತು. ಸಂಜೆಯ ಅಂಗಳದ ಸುತ್ತಾಟವೂ ತಪ್ಪಿತು, ಆ ಹೊತ್ತಿಗೇ ಕರೆಂಟ್ ಹೋದರೆ? ಕಿಟಕಿ ಅಂಗೈ ಅಗಲ. ಗೋಡೆಯಾಚೆ ಗುಮಾಸ್ತೆ ಫೈಲು ಎಳೆಯುವ ಸದ್ದು, ಜೈಲರ್ ಫೋನಿನಲ್ಲಿ, "ಈಗ ನಮ್ಮಲ್ಲಿ ಎಲ್ಲ ಸರಿ ಇದೆ ಸಾರ್, ನಮ್ಮದೇ ವ್ಯವಸ್ಥೆ ಮಾಡ್ಕೊಂಡಿದ್ದೀವಿ" ಎನ್ನುವುದು ಎಲ್ಲವೂ ಕೇಳಿಸುತ್ತಿತ್ತು. ಮಾತಾಡಲು ಮಾತ್ರ ಯಾರೂ ಇರಲಿಲ್ಲ. ನಾಲ್ಕು ವರ್ಷದಲ್ಲಿ ಅವನಿಗೆ ಜೈಲು ಇಷ್ಟು ಇಕ್ಕಟ್ಟೆನಿಸಿರಲಿಲ್ಲ.

ಅವನ ಹೆಂಡತಿ ಬೇರೊಂದು ಊರಿನಲ್ಲಿ ಬಸ್ ಕಂಡಕ್ಟರ್. ಏಳು ವರ್ಷದ ಮಗಳನ್ನು ಕರೆದುಕೊಂಡು ಹನ್ನೊಂದು ಗಂಟೆ ಬಸ್ಸಿನಲ್ಲಿ ಕೂತು ವರ್ಷಕ್ಕೆ ಎರಡು ಸಲ ಬರುತ್ತಿದ್ದಳು. ಆ ಊರಿನಲ್ಲೂ ಒಂದು ಜೈಲಿತ್ತು. ಅಲ್ಲಿಗೆ ವರ್ಗ ಮಾಡಿ ಎಂದು ಅವನು ಅರ್ಜಿ ಹಾಕಿ ಒಂದು ವರ್ಷವಾಗಿತ್ತು. ಹೋದ ಸಲ ಬಂದಾಗ ಮಗಳು ಅಮ್ಮನ ಹಿಂದೆ ಅವಿತು, "ಇವರೇನಾ ಅಪ್ಪ?" ಎಂದು ಪಿಸುಗುಟ್ಟಿದ್ದು ಅವನ ಕಿವಿಗೆ ಬಿದ್ದಿತ್ತು.

ನಾಲ್ಕನೆಯ ಸಲ ಯಂತ್ರ ಮಲಗಿದ ದಿನ, ಕೆಲಸ ಅರ್ಧದಲ್ಲಿರುವಾಗ ಜೈಲರಿಗೆ ಫೋನ್ ಬಂತು. ಅವರು ಹೊರಗೆ ಹೋದರು, ವಾರ್ಡರ್ ಮೊಗಸಾಲೆಯ ಆ ತುದಿಗೆ ಹೋಗಿ ನಿಂತ. ಗುಮಾಸ್ತೆ ಪರದೆಯಿಂದ ಕಣ್ಣು ತೆಗೆಯದೆ, ಅಲ್ಲಿ ಬರೆದದ್ದನ್ನೇ ಓದುವವಳ ಹಾಗೆ, ಅವನಿಗೆ ಕೇಳುವಷ್ಟೇ ದನಿಯಲ್ಲಿ ಹೇಳಿದಳು:

"ತಮ್ಮ, ನಿನ್ನ ವರ್ಗಾವಣೆ ಮಂಜೂರಾಗಿದೆ. ಮೊದಲ ದಿನ ಬಂದ ಅರವತ್ತೆರಡರಲ್ಲೇ ಇತ್ತು. ಬಂದ ತಾರೀಖಿನಿಂದ ಮೂವತ್ತು ದಿನದೊಳಗೆ ಕಳಿಸದಿದ್ದರೆ ಬಿದ್ದುಹೋಗುತ್ತೆ. ಇವತ್ತಿಗೆ ಹದಿನಾಲ್ಕು ದಿನ ಕಳೆದಿದೆ. ಸಾಹೇಬರ ಡ್ರಾಯರಲ್ಲಿದೆ."

ತಂತಿ ಸ್ಟೂಲಿನಲ್ಲೇ ಮುಂದಕ್ಕೆ ಬಾಗಿದ. ತಾನೇ ಎಬ್ಬಿಸಿದ ದಾರಿಯಲ್ಲಿ ತನ್ನದೇ ಕಾಗದ ಬಂದಿತ್ತು. ಬಂದು, ತನ್ನ ಕೈಗೆ ಸಿಗದ ಕಡೆ ಕೂತಿತ್ತು.

"ಮುಂದೇನು ಬರೀಲಿ?" ಎಂದಳು ಗುಮಾಸ್ತೆ ಜೋರಾಗಿ. ಜೈಲರ್ ಮರಳಿ ಬಂದಿದ್ದರು.

ಒಂದು ತಪ್ಪು ಅಂಕಿ ಹೇಳಿದರೆ ಸಾಕು, ಕಂಪ್ಯೂಟರ್ ಸತ್ತುಬೀಳುತ್ತದೆ, ಯಾರಿಗೂ ತಿಳಿಯುವುದಿಲ್ಲ. ಕೆಲಸಕ್ಕೆ ಬಾರದವನನ್ನು ಜೈಲರ್ ಇಟ್ಟುಕೊಳ್ಳುವುದಿಲ್ಲ. ಆ ಯೋಚನೆ ಬಾಯಿಯ ತನಕ ಬಂತು. ಎರಡನೇ ಕೋಣೆಯ ಕ್ಷೌರಿಕನ ಜಾಮೀನು ಇವತ್ತೋ ನಾಳೆಯೋ ಬರುವುದಿತ್ತು. ಅವನು ಆಗಲೇ ತನ್ನ ಗಂಟು ಕಟ್ಟಿಟ್ಟಿರಬಹುದು. ತಂತಿ ಸರಿಯಾದ ಅಂಕಿಯನ್ನೇ ಹೇಳಿದ.

ಆ ದಿನವೆಲ್ಲ ಅವನು ದಪ್ಪ ಹಾಸಿಗೆಯ ಮೇಲೆ ಬಿದ್ದುಕೊಂಡು ಸೂರು ನೋಡಿದ. ಕೆಲಸ ಮಾಡಿಕೊಟ್ಟರೆ ಬೇಕಾದವನಾಗಿ ಇಲ್ಲೇ ಉಳಿಯಬೇಕು. ಮಾಡದಿದ್ದರೆ ಇತರರು ಉಳಿಯುತ್ತಾರೆ, ಅವನ ಮೇಲೆ ಅವಿಧೇಯತೆಯ ವರದಿ ಹೋಗುತ್ತದೆ. ಡ್ರಾಯರಿನ ವಿಷಯ ಎತ್ತಿದರೆ ಗುಮಾಸ್ತೆ ಸಿಕ್ಕಿಬೀಳುತ್ತಾಳೆ. ಯಾವ ಕಡೆ ತಿರುಗಿದರೂ ಗೋಡೆ. ಚಹಾ ತಂದ ವಾರ್ಡರ್, "ಏನು ತಂತಿ, ಅಳಿಯನ ಉಪಚಾರ ನಡೀತಿದೆ, ಮುಖ ಯಾಕೆ ಹೀಗೆ?" ಎಂದ. ತಂತಿ ಲೋಟ ತೆಗೆದುಕೊಳ್ಳಲಿಲ್ಲ.

ಮರುದಿನ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಲು ಗುಮಾಸ್ತೆ ಅವನ ಬಾಗಿಲಿಗೆ ಬಂದಳು.

"ಅಕ್ಕ, ನೀವು ಕಲೀರಿ" ಎಂದ ಅವನು. ಮೇಡಂ ಹೋಗಿ ಅಕ್ಕ ಆದದ್ದು ಅವನಿಗೇ ತಿಳಿಯಲಿಲ್ಲ.

"ಏನನ್ನ?"

"ನಾನು ಹೇಳೋದನ್ನೆಲ್ಲ. ಯಾಕೆ ಹೇಳ್ತೀನಿ ಅನ್ನೋದನ್ನೂ. ನಿಮಗೆ ಬಂದರೆ ನಾನು ಬೇಕಾಗಲ್ಲ."

ಅವಳು ಸಹಿ ಹಾಕುವ ಜಾಗವನ್ನು ಬೆರಳಲ್ಲಿ ತೋರಿಸುತ್ತಾ ನಿಂತಳು. "ನನಗೆ ಇನ್ನು ಎರಡು ವರ್ಷ ಸರ್ವೀಸ್ ಇದೆ ತಮ್ಮ. ಮೂವತ್ತೊಂದು ವರ್ಷದಲ್ಲಿ ಯಾವ ಸಾಹೇಬರಿಗೂ ಎದುರಾಡಿದವಳಲ್ಲ."

"ಎದುರಾಡಬೇಡಿ. ಕಲೀರಿ, ಅಷ್ಟೇ."

ಅವಳು ಪುಸ್ತಕ ಮಡಚಿಕೊಂಡು ಹೋದಳು. ಮಾರನೆಯ ದಿನ ಹಾಜರಿ ಪುಸ್ತಕದ ಕೆಳಗೆ ಹಳೆಯ ರಿಜಿಸ್ಟರಿನ ಹಾಳೆಗಳಿದ್ದವು. ಅವುಗಳ ಬೆನ್ನ ಮೇಲೆ ಅವಳ ಮುತ್ತಿನಂಥ ಅಕ್ಷರದಲ್ಲಿ ಇದುವರೆಗೆ ಅವನು ಹೇಳಿಸಿದ ಪ್ರತಿಯೊಂದು ಆಜ್ಞೆಯೂ ಸಾಲಾಗಿ ಇತ್ತು. ಪ್ರತಿಯೊಂದರ ಪಕ್ಕದಲ್ಲೂ ಒಂದು ಪ್ರಶ್ನೆ ಚಿಹ್ನೆ.

ದಿನಕ್ಕೆ ಐದು ನಿಮಿಷ ಸಿಗುತ್ತಿತ್ತು. ಒಂದು ದಿನ, ಕಾರ್ಡು ಎದ್ದಿದೆಯೋ ಇಲ್ಲವೋ ನೋಡುವುದು. ಇನ್ನೊಂದು ದಿನ, ವಿಳಾಸ ಇರುವುದು ಬೇರೆ, ಹೊರಗಿನ ದಾರಿ ಇರುವುದು ಬೇರೆ ಎಂಬುದು. ಜೈಲರ್ ಊಟಕ್ಕೆ ಹೋದಾಗ ಅವಳು ಒಬ್ಬಳೇ ಕೂತು ಅಭ್ಯಾಸ ಮಾಡುತ್ತಿದ್ದಳು. ಒಮ್ಮೆ ಧೈರ್ಯ ಮಾಡಿ ತಾನಾಗಿಯೇ ಕಾರ್ಡನ್ನು ಮಲಗಿಸಿ ಮತ್ತೆ ಎಬ್ಬಿಸಿದಳು. ಎದ್ದಿತು. ಆದರೆ ಪತ್ರ ಬರಲಿಲ್ಲ. ಗೋಡೆಯಾಚೆ ಅವಳ ಕುರ್ಚಿ ಸರಿದ ಸದ್ದು, "ಅಯ್ಯೋ, ಅಯ್ಯೋ" ಎನ್ನುವ ದನಿ ತಂತಿಗೆ ಕೇಳಿಸಿತು. ಅವನು ಗೋಡೆಗೆ ಕಿವಿ ಒತ್ತಿದ. ಕೂಗಿ ಹೇಳುವಂತಿಲ್ಲ. ಜೈಲರ್ ಬರಲು ಅರ್ಧ ಗಂಟೆಯೂ ಇರಲಿಲ್ಲ. ಕೀಲಿಯ ಸದ್ದು, ಮೌನ, ಮತ್ತೆ ಕೀಲಿಯ ಸದ್ದು. ಕಡೆಗೆ ಪ್ರಿಂಟರು ಗರಗರ ಎಂದಿತು.

ಸಂಜೆ ಪುಸ್ತಕ ಹಿಡಿದು ಬಂದವಳ ಮುಖ ಅರಳಿತ್ತು. "ಜೀವ ಬಾಯಿಗೆ ಬಂದಿತ್ತು ತಮ್ಮ. ವಿಳಾಸ ನೋಡಿದೆ, ಇತ್ತು. ಕಾರ್ಡು ನೋಡಿದೆ, ಎದ್ದಿತ್ತು. ಆಮೇಲೆ ಹೊಳೀತು. ಮಲಗಿಸಿದಾಗ ಹೊರಗಿನ ದಾರಿ ಬಿದ್ದುಹೋಗಿದೆ. ಮನೆ ಇದೆ, ಮನೆಯಿಂದ ಬೀದಿಗೆ ದಾರಿ ಇಲ್ಲ. ಮತ್ತೆ ಹಾಕಿದೆ."

"ಇದನ್ನ ನಾನು ಹೇಳಿಕೊಟ್ಟಿರಲಿಲ್ಲ ಅಕ್ಕ."

"ಗೊತ್ತು" ಎಂದಳು ಅವಳು. ಆ ಮಾತಿನಲ್ಲಿ ಸಣ್ಣ ಜಂಬ ಇತ್ತು.

ಉಳಿದದ್ದು ಫೈಲು ತಿದ್ದುವುದು. ಮೊದಲು ಅದರ ನಕಲು ಮಾಡಿಟ್ಟುಕೊಳ್ಳಬೇಕು, ಆಮೇಲೆ ತೆರೆಯಬೇಕು, ಎರಡು ಕಡೆ ಸೊನ್ನೆ ಅಳಿಸಿ ಒಂದು ಬರೆಯಬೇಕು, ಉಳಿಸಿ ಹೊರಬರಬೇಕು. ಇಷ್ಟನ್ನು ಅವನು ನಾಲ್ಕು ದಿನದಲ್ಲಿ ತುಂಡು ತುಂಡಾಗಿ ಹೇಳಿದ. ಆದೇಶ ಬಂದ ಇಪ್ಪತ್ತಾರನೆಯ ದಿನ ಅವಳು ತಿದ್ದಿದಳು. ಸರಿಯಾಗಿದೆಯೋ ಇಲ್ಲವೋ ತಿಳಿಯಬೇಕಾದರೆ ಯಂತ್ರವನ್ನು ಆರಿಸಿ ಹಚ್ಚಬೇಕು. ಅದನ್ನು ಅವಳು ಕದ್ದು ಮಾಡಲಿಲ್ಲ.

ಇಪ್ಪತ್ತೇಳನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಗೋಡೆಯಾಚೆ ಗುಮಾಸ್ತೆಯ ದನಿ ಕೇಳಿಸಿತು.

"ಸಾರ್, ಒಂದು ನಿಮಿಷ ಇಲ್ಲಿ ನಿಂತುಕೊಳ್ತೀರಾ? ನಾನು ಕಂಪ್ಯೂಟರನ್ನ ಆರಿಸ್ತಿದ್ದೀನಿ."

"ಏನು? ಆರಿಸೋದಾ? ಯಾರು ಹೇಳಿದ್ದು? ಏನಮ್ಮಾ ಇದು!"

ಟಕ್ ಎಂದಿತು. ಫ್ಯಾನಿನ ಮೊರೆತ ನಿಂತುಹೋಯಿತು. ತಂತಿ ಹಾಸಿಗೆಯ ಅಂಚಿಗೆ ಬಂದು ಕೂತ. ಆಚೆ ಜೈಲರ್ ಕೂಗಾಡುತ್ತಿದ್ದರು. "ಸೆಷನ್ಸ್ ಕೋರ್ಟಿನಿಂದ ಈಗ ಪತ್ರ ಬರೋದಿದೆ! ಕರೀರಿ ಅವನನ್ನ!"

"ಕರೀಬೇಡಿ ಸಾರ್. ನೋಡಿ."

ಬೀಪ್ ಎಂಬ ಸದ್ದು. ಫ್ಯಾನು ಮತ್ತೆ ತಿರುಗತೊಡಗಿತು. ಯಂತ್ರ ಪೂರ್ತಿ ಏಳಲು ಒಂದು ನಿಮಿಷವೋ ಎರಡು ನಿಮಿಷವೋ ಹಿಡಿಯಿತು. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆತಿದ್ದರೆ? ಮತ್ತೆ ಒಂದರ ಬದಲು ಎಲ್ ಹೊಡೆದಿದ್ದರೆ?

ಪ್ರಿಂಟರು ಎದ್ದಿತು. ಒಂದು ಹಾಳೆ, ಇನ್ನೊಂದು ಹಾಳೆ.

"ಯಾರು ಮಾಡಿದ್ದು ಇದನ್ನ?" ಜೈಲರ್ ದನಿ ಇಳಿದಿತ್ತು.

"ನಾನು ಸಾರ್. ಇನ್ನು ಕರೆಂಟ್ ಹೋದರೂ ತಾನಾಗಿ ಎದ್ದು ಕೂರುತ್ತೆ. ಹಾಗೂ ಕೆಟ್ಟರೆ ನನಗೆ ಬರುತ್ತೆ." ಒಂದು ಪುಸ್ತಕವನ್ನು ಮೇಜಿನ ಮೇಲೆ ಇಟ್ಟ ಸದ್ದು. "ಇನ್ನೊಂದು ವಿಷಯ. ಹೋದ ತಿಂಗಳ ಆದೇಶಗಳಲ್ಲಿ ಒಂದು ಬಾಕಿ ಉಳಿದಿದೆ. ಬಂದ ಕಾಗದಗಳ ಆವಕ ಪುಸ್ತಕದಲ್ಲಿ ನಮೂದು ಮಾಡಿದ್ದೀನಿ, ಕಳಿಸಿದವುಗಳ ಜಾವಕದಲ್ಲಿ ಇಲ್ಲ. ಇನ್ನು ಮೂರು ದಿನ ಇದೆ. ತಪಾಸಣೆಯವರು ಬಂದರೆ ನನ್ನನ್ನ ಕೇಳ್ತಾರೆ. ನನ್ನ ಹತ್ತಿರ ಹೇಳೋಕೆ ಏನೂ ಇಲ್ಲ ಸಾರ್."

ಜೈಲರ್ ಬೆಲ್ಟನ್ನು ಎತ್ತಿಕೊಳ್ಳುತ್ತಿರಬೇಕು ಎಂದುಕೊಂಡ ತಂತಿ. ಆಮೇಲೆ ಡ್ರಾಯರ್ ಎಳೆದ ಸದ್ದು ಸ್ಪಷ್ಟವಾಗಿ ಕೇಳಿಸಿತು.

ಮಧ್ಯಾಹ್ನ ಜೈಲರೇ ಅವನ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. "ನಾಡಿದ್ದು ಬೆಳಿಗ್ಗೆ ವ್ಯಾನ್ ಇದೆ. ಸಾಮಾನು ಕಟ್ಟಿಕೋ" ಎಂದರು. ಹೋಗಲು ತಿರುಗಿದವರು ನಿಂತರು. "ಆ ಒಂಬತ್ತು ದಿನ ಮೇಲಿನವರು ನನ್ನನ್ನ ಎಷ್ಟು ಅಂದಿದ್ದಾರೆ ಗೊತ್ತಾ ನಿನಗೆ? ನಿನಗೆ ಕೆಟ್ಟದ್ದು ಮಾಡಬೇಕು ಅಂತ ಇಟ್ಟುಕೊಂಡದ್ದಲ್ಲಪ್ಪ."

ತಂತಿ ಕೈ ಮುಗಿದ, ಅಷ್ಟೇ.

ವ್ಯಾನಿಗೆ ಕಿಟಕಿಯಿರಲಿಲ್ಲ, ಮೇಲೆ ಗಾಳಿಗೆಂದು ನಾಲ್ಕು ಸೀಳುಗಳಿದ್ದವು. ಕಾಲಿನ ಸರಪಳಿಯನ್ನು ಬೆಂಚಿನ ಕಂಬಿಗೆ ಬಿಗಿದಿದ್ದರು. ಹನ್ನೊಂದು ಗಂಟೆಯ ದಾರಿ ಹದಿಮೂರು ಗಂಟೆಯಾಯಿತು. ಗುಮಾಸ್ತೆಯನ್ನು ಕಂಡು ಹೇಳಿಬರಲು ಬಿಟ್ಟಿರಲಿಲ್ಲ. ಕಚೇರಿಯ ಮುಂದೆ ಹಾಯುವಾಗ ತೆರೆದ ಬಾಗಿಲಲ್ಲಿ ಅವಳ ಬೆನ್ನು ಕಂಡಿತ್ತು. ಅವಳು ಫೋನಿನಲ್ಲಿ ಬೇರೆ ಯಾವುದೋ ಜೈಲಿನವರಿಗೆ, "ಗಾಬರಿ ಆಗಬೇಡಿ, ಮೊದಲು ಐ ಪಿ ಲಿಂಕ್ ಅಂತ ಬರೆದು ಏನು ಬರುತ್ತೋ ಓದಿ" ಎನ್ನುತ್ತಿದ್ದಳು.

ಹೊಸ ಜೈಲಿನ ಕೋಣೆಯಲ್ಲಿ ಎಂಟು ಜನ. ಹಾಸಿಗೆ ತೆಳುವು, ನೀರಿಗೆ ಸಾಲು. ಎರಡು ವಾರ ಅವನು ಯಾರ ಜೊತೆಗೂ ಸೇರಲಿಲ್ಲ. ಇನ್ನೂ ಒಂದು ವರ್ಷದ ಮೇಲೆ ಇತ್ತು. ಆ ಲೆಕ್ಕವನ್ನು ಬೆಳಿಗ್ಗೆ ಎದ್ದ ಕೂಡಲೇ ಮಾಡುವುದು, ಆಮೇಲೆ ಇಡೀ ದಿನ ಅದನ್ನು ಮರೆಯಲು ಒದ್ದಾಡುವುದು. ಯಾರಾದರೂ, "ಮೊದಲು ಏನು ಕೆಲಸ ಮಾಡ್ತಿದ್ದೆ?" ಎಂದರೆ ಮಾತು ಬದಲಿಸುತ್ತಿದ್ದ.

ಮೊದಲ ಭೇಟಿಯ ಶನಿವಾರ ಹೆಂಡತಿ ಡ್ಯೂಟಿಯ ಬಟ್ಟೆಯಲ್ಲೇ ಬಂದಳು. ಎರಡು ಟ್ರಿಪ್ಪುಗಳ ನಡುವೆ ನಲವತ್ತು ನಿಮಿಷ ಬಿಡುವು ಸಿಕ್ಕಿತ್ತಂತೆ. ಮಗಳ ಎರಡು ಜಡೆಯಲ್ಲಿ ಒಂದು ಬಿಚ್ಚಿಕೊಂಡಿತ್ತು.

"ಎಷ್ಟು ಸೊರಗಿದ್ದೀರಿ ರೀ! ಅಲ್ಲಿ ಊಟ ಹಾಕ್ತಿರಲಿಲ್ವಾ?" ಎಂದಳು ಹೆಂಡತಿ. ಅವಳ ಕಣ್ಣು ತುಂಬಿತ್ತು, ದನಿ ಗದರುವಂತಿತ್ತು.

ಹಾಲಿನ ಚಹಾ ಕೊಡುತ್ತಿದ್ದರು ಎನ್ನಲೇ? ಮಗಳು ಮೊದಲು ಅಮ್ಮನ ಹಿಂದೆಯೇ ನಿಂತಿದ್ದಳು. ಪಕ್ಕದ ಜಾಲರಿಯಲ್ಲಿ ಯಾರೋ ಜೋರಾಗಿ ಅತ್ತಾಗ ಬೆಚ್ಚಿ ಮುಂದೆ ಬಂದಳು. ಆಮೇಲೆ ತನ್ನ ಶಾಲೆಯಲ್ಲಿ ಬೆಂಚು ಮುರಿದದ್ದು, ಅದರ ಮೇಲೆ ಕೂತಿದ್ದ ಟೀಚರ್ ಬಿದ್ದದ್ದು, ಯಾರೂ ನಗಬಾರದು ಎಂದರೂ ತಾನು ನಕ್ಕದ್ದು, ಎಲ್ಲವನ್ನೂ ಉಸಿರು ಕಟ್ಟಿ ಹೇಳಿದಳು. ಅವನು ಕೇಳುತ್ತಾ ನಿಂತ.

ಗಂಟೆ ಹೊಡೆಯಿತು. ಹೆಂಡತಿ ಗಡಿಯಾರ ನೋಡಿ ಚೀಲ ಹೆಗಲಿಗೇರಿಸಿದಳು.

"ಮುಂದಿನ ವಾರ ನನಗೆ ದೂರದ ರೂಟು. ಅದರ ಮುಂದಿನ ಶನಿವಾರ ಬರ್ತೀವಿ" ಎಂದಳು.

"ಬನ್ನಿ" ಎಂದ ಅವನು.

ಮಗಳು ಬಾಗಿಲ ತನಕ ಹೋಗಿ ತಿರುಗಿ ನೋಡಿದಳು. ಕೈ ಬೀಸಲಿಲ್ಲ, ನೋಡಿದಳು ಅಷ್ಟೇ. ವಾರ್ಡರ್ ಅವನ ತೋಳು ಹಿಡಿದು ಒಳಗಿನ ಸಾಲಿಗೆ ಸೇರಿಸಿದ.